ಕನ್ನಡ ಕೀಲಿಮಣೆ ಹಾಕಲು ಪಾಸ್‌ವರ್ಡ್ ಯಾಕೆ?

ಪ್ರಶ್ನೆ: ಕಚೇರಿಯ ಕಂಪ್ಯೂಟರಿಗೆ ಕನ್ನಡ ಬರೆಯುವ ತಂತ್ರಾಂಶ ಹಾಕಲು ಹೋದರೆ ‘ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್’ ಕೇಳುತ್ತದೆ. ನಮ್ಮ ಭಾಷೆಗೂ ಅಪ್ಪಣೆ ಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅಪ್ಪಣೆ ಭಾಷೆಗಲ್ಲ. ಭಾನುವಾರ ಸಂಜೆ ನಿಮ್ಮೂರ ಅರಮನೆಯ ದೀಪಗಳನ್ನು ಯಾರು ಬೇಕಾದರೂ ನೋಡಬಹುದು, ಆದರೆ ಸ್ವಿಚ್ಚು ಸಿಬ್ಬಂದಿಯ ಕೈಯಲ್ಲೇ ಇರುತ್ತದೆ. ಕಂಪ್ಯೂಟರಿನಲ್ಲೂ ಹಾಗೆಯೇ. ಡಿಸ್ಕ್, ಮೆಮೊರಿಗಳನ್ನು ನೇರವಾಗಿ ಮುಟ್ಟುವ ಅಧಿಕಾರ ‘ಕರ್ನಲ್’ ಎಂಬ ತಿರುಳಿಗೆ ಮಾತ್ರ. ಉಳಿದ ತಂತ್ರಾಂಶಗಳು ಅದನ್ನು ಕೇಳಿ ಕೆಲಸ ಮಾಡಿಸಿಕೊಳ್ಳಬೇಕು. ಈ ಕಾವಲು ಪ್ರೊಸೆಸರಿನಲ್ಲೇ ಇದೆ: 1982ರ ಇಂಟೆಲ್ 80286 ಚಿಪ್ಪಿನಲ್ಲಿ ಅಧಿಕಾರದ ನಾಲ್ಕು ಹಂತಗಳಿದ್ದವು.

ಇದರ ಮೇಲೆ ಬಳಕೆದಾರರ ನಡುವಿನ ಭೇದವೂ ಇದೆ: ಇಡೀ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ‘ಅಡ್ಮಿನಿಸ್ಟ್ರೇಟರ್’ಗೆ ಮಾತ್ರ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಯ ಕಂಪ್ಯೂಟರಿಗೆ ಕೂತವರೆಲ್ಲ ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರುಗಳೇ. ವೈರಸ್ಸಿಗೂ ಅದೇ ಅಧಿಕಾರ ಸಿಗುತ್ತಿತ್ತು! 2007ರಲ್ಲಿ ಬಂದ ವಿಂಡೋಸ್ ವಿಸ್ತಾ, ವ್ಯವಸ್ಥೆಯನ್ನು ಬದಲಿಸುವ ಮುನ್ನ ತಡೆದು ಕೇಳಲು ಶುರುಮಾಡಿತು. ಜನ ರೇಗಿದರು, ಆದರೆ ಆ ತಡೆ ಸರಿಯಾದದ್ದೇ ಎಂಬುದು ನನ್ನ ನಂಬಿಕೆ.

ಕೀಲಿಮಣೆಯ ವಿಷಯದಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ನೀವು ಒತ್ತುವ ಪ್ರತಿ ಅಕ್ಷರವೂ ಆ ತಂತ್ರಾಂಶದ ಮೂಲಕ ಹಾಯಬಹುದು, ಬ್ಯಾಂಕಿನ ಗುಟ್ಟುಪದವೂ ಸೇರಿ. ಅದು ಕೂರುವುದೂ ಬಹುಮಟ್ಟಿಗೆ ಆ ಯಂತ್ರ ಬಳಸುವ ಎಲ್ಲರಿಗೂ ಸೇರಿದ ಫೋಲ್ಡರಿನಲ್ಲಿ. ಅದಕ್ಕೇ ಪಾಸ್‌ವರ್ಡ್ ಕೇಳುವುದು.

ಹಾಗೆಂದು ಕನ್ನಡ ಬಿಟ್ಟು ಕೂರಬೇಡಿ. ವಿಂಡೋಸ್ ಜೊತೆಗೇ ಕನ್ನಡ ಕೀಲಿಮಣೆ ಬರುತ್ತದೆ, ಮೊದಲು ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೇರಿಸಿ ನೋಡಿ. ಫಾಂಟುಗಳನ್ನು ವಿಂಡೋಸ್ 10ರ 2018ರ ಆವೃತ್ತಿಯಿಂದೀಚೆಗೆ ಆ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಗಷ್ಟೇ ಹಾಕಿಕೊಳ್ಳಬಹುದು.