ಹಳೆಯ ಹಾಟ್ ರಾಡ್ ಬಾಡಿಯ ಸಂರಕ್ಷಣೆ
ಹಳೆಯ ಕಾರಿನ ಬಾಡಿ ಕತ್ತರಿಸಿ, ಮೇಲ್ಛಾವಣಿ ತಗ್ಗಿಸಿ, ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸಿದ ವಾಹನವೇ ಹಾಟ್ ರಾಡ್. ಅಮೆರಿಕದಲ್ಲಿ ಬೆಳೆದ ಈ ರೂಢಿಗೆ 1932ರ ಫೋರ್ಡ್ ಪ್ರಸಿದ್ಧ ಆಧಾರ. ಇಂತಹ ಬಾಡಿಯನ್ನು ಇದ್ದಂತೆಯೇ ಉಳಿಸಬೇಕೆ, ಮತ್ತೆ ಬದಲಿಸಬೇಕೆ ಎಂಬ ಪ್ರಶ್ನೆಗೆ ಭಾರತದಲ್ಲಿ ಕಾನೂನಿನ ಆಯಾಮವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2021ರ ನಿಯಮಗಳಂತೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿಗೆ ವಾಹನವು 50 ವರ್ಷ ಮೀರಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಆದ್ದರಿಂದ ಎಲೆಕ್ಟ್ರಾನಿಕ್ ಸಿಟಿಯ ಕೆಎ-51 ವ್ಯಾಪ್ತಿಯಲ್ಲಾಗಲಿ ಬೇರೆಡೆಯಾಗಲಿ, ಮೇಲ್ಛಾವಣಿ ಕತ್ತರಿಸಿದ ಕಾರು ಎಷ್ಟೇ ಹಳೆಯದಾದರೂ ವಿಂಟೇಜ್ ಎನಿಸುವುದು ಕಷ್ಟ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾದ ಟುರಿನ್ ಸನ್ನದು ಮಾತ್ರ ಬಳಕೆಯ ಕಾಲದಲ್ಲಾದ ಬದಲಾವಣೆಗಳನ್ನೂ ಇತಿಹಾಸದ ಸಾಕ್ಷ್ಯವೆಂದು ಮನ್ನಿಸುತ್ತದೆ. ಹಾಗೆ ನೋಡಿದರೆ ಹಳೆಯ ಬೆಸುಗೆ, ಸೀಸ ತುಂಬಿದ ಕೀಲು, ಅಂದಿನ ಬಣ್ಣ ಉಳಿಸತಕ್ಕವು. ಬ್ರೇಕು, ವೈರಿಂಗ್‌ಗಳನ್ನು ಸುರಕ್ಷತೆಗಾಗಿ ಬದಲಿಸಿ, ತೆಗೆದ ಭಾಗಗಳನ್ನು ಕಾದಿರಿಸಬಹುದು.