ಬಚ್ಚಲಿನ ಹಂಡೆಯೋ, ಗೀಸರೋ?

ಮನೆ ರಿಪೇರಿಗೆ ಕೈ ಹಾಕಿದಾಗ ಮೊದಲು ಎಲ್ಲರ ಕಣ್ಣಿಗೆ ಬೀಳುವುದು ಬಚ್ಚಲಿನ ಹಂಡೆ ಒಲೆ. ಅದನ್ನು ಒಡೆದು ಗೀಸರ್ ಹಾಕಿಸೋಣ ಎಂದು ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗ ಹೇಳುತ್ತಾನೆ. ಹಂಡೆ ನೀರಿನ ಸ್ನಾನದ ಸುಖ ಬೇರೆಯೇ ಎಂದು ಅತ್ತೆ ತಡೆಯುತ್ತಾರೆ. ಆದರೆ ಫಜ್ರ್‌ಗೆ ಮುಂಚೆ ಎದ್ದು ಆ ಒಲೆಗೆ ಉರಿ ಹಾಕುವವರು ನೀವಲ್ಲವೇ? ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ?

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹಂಡೆಗೆ ಖರ್ಚಿಲ್ಲ ಎನ್ನುತ್ತಾರೆ. ಮಡಲು, ಗೆರಟೆ, ತೆಂಗಿನ ಸಿಪ್ಪೆ ಎಲ್ಲವೂ ಹಿತ್ತಿಲಿನದ್ದೇ, ನಿಜ. ಆದರೆ ಅದನ್ನು ಹೆಕ್ಕಿ, ಒಣಗಿಸಿ, ಮಳೆಗೆ ಮುಂಚೆ ಒಳಗೆ ಪೇರಿಸಿಡುವ ದುಡಿಮೆಗೆ ಯಾರೂ ಲೆಕ್ಕ ಬರೆಯುವುದಿಲ್ಲ. ಹೊಗೆಯ ಲೆಕ್ಕವೂ ಹಾಗೆಯೇ. ಗರ್ಭಿಣಿಯರು, ಹಸುಗೂಸುಗಳು, ಉಬ್ಬಸದವರು ಇರುವ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ. ಒಲೆಯ ಬಾಯಿಯನ್ನು ಹೊರಗಿನ ಗೋಡೆಗೆ ತಿರುಗಿಸಿ, ಮಾಡಿಗಿಂತ ಎತ್ತರಕ್ಕೆ ಹೊಗೆ ಕೊಳವೆ ಇಟ್ಟರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ಹಿತ್ತಿಲಲ್ಲಿ ತೆಂಗು ಇರುವವರು ಮೊದಲು ಇಷ್ಟು ಮಾಡಿಸಿ ನೋಡಬಹುದು. ಸೌದೆ ಕೊಂಡು ಉರಿಸುವವರಿಗೆ ಮಾತ್ರ ಹಂಡೆಯ ಹಟ ಬೇಡ.

ಕರೆಂಟಿನ ಗೀಸರ್ ಎಂದರೆ ಬಿಲ್ಲಿನ ಭಯ. 15 ಲೀಟರಿನ ಟ್ಯಾಂಕಿನ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಸಾಕು. ತಣ್ಣೀರು ಬೆರೆಸಿದರೆ ಅದರಲ್ಲಿ ಇಬ್ಬರ ಸ್ನಾನ ಆಗುತ್ತದೆ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಸ್ವಿಚ್ಚು ಆರಿಸಲು ಮರೆಯುವ ಮನೆಯಲ್ಲಿ ಇನ್ನೂ ಹೆಚ್ಚು! 2023ರ ಆಗಸ್ಟ್‌ನಿಂದ ಗೃಹಜ್ಯೋತಿಯ ಲಾಭ ಪಡೆಯುತ್ತಿರುವವರು ಮೊದಲು ಹಳೆಯ ಬಿಲ್ಲು ತೆಗೆದು ನೋಡಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸದೆ ಗೀಸರ್ ಕೂರಿಸಬೇಡಿ.

ಸೋಲಾರ್ ಒಳ್ಳೆಯದೇ. ಆದರೆ ಬಿಸಿನೀರು ಹೆಚ್ಚು ಬೇಕಾಗುವ ಜೂನ್, ಜುಲೈಯಲ್ಲಿ ನಮ್ಮ ಕಡೆ ಸೂರ್ಯನೇ ಅಪರೂಪ.

ಗ್ಯಾಸ್ ಗೀಸರ್ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಅಗ್ಗವೆಂದು ಅದನ್ನು ಬಚ್ಚಲಿನ ಒಳಗೇ ತೂಗುಹಾಕುವವರಿದ್ದಾರೆ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ತಿಳಿಯುತ್ತದೆ, ಇದು ತಿಳಿಯುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಸ್ನಾನಕ್ಕೆ ಹೋದವರು ಹೆಣವಾಗಿ ಸಿಕ್ಕ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಹಾಕಿಸಲೇಬೇಕೆಂದಿದ್ದರೆ ಗೀಸರ್, ಸಿಲಿಂಡರ್ ಎರಡೂ ಹೊರಗೆ ಗಾಳಿಯಾಡುವ ಜಾಗದಲ್ಲಿರಲಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಈಗಾಗಲೇ ಒಳಗಿದ್ದರೆ ಇವತ್ತೇ ಅದರ ಬಳಕೆ ನಿಲ್ಲಿಸಿ, ಹೊರಗೆ ತೆಗೆಸಿ. ಅಲ್ಲಿಯವರೆಗೆ ಮಕ್ಕಳ ಸ್ನಾನಕ್ಕೆ ಹಳೆಯ ಹಂಡೆ ಇದ್ದೇ ಇದೆಯಲ್ಲ.