ದಾಳಿಯಾಚೆಯ ಲೋಕಾಯುಕ್ತ

ಲೋಕಾಯುಕ್ತ ಅಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ. ಲಂಚದ ನೋಟು ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿಸುತ್ತಾರೆ, ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೋಟಿಗೆ ಸವರಿದ ಫಿನಾಲ್ಫ್ಥಲೀನ್ ಪುಡಿಯ ಮಹಿಮೆ ಅದು. ಆದರೆ ಲಂಚ ಕೇಳದೆಯೇ ಬಡವರ ಅರ್ಜಿಯನ್ನು ತಿಂಗಳುಗಟ್ಟಲೆ ಅಡಿಗೆ ಹಾಕಿಕೊಂಡು ಕೂತವನ ಕೈಗೆ ಯಾವ ಪುಡಿ ಹತ್ತಬೇಕು? ಲೋಕಾಯುಕ್ತ ಕಾಯ್ದೆಯಲ್ಲಿ ಅಂಥವನಿಗೂ ಜಾಗವಿದೆ. ನಮ್ಮ ಹಳ್ಳಿಗಳಿಗೆ ತಲುಪದ ಭಾಗ ಅದೇ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಇಂದು ಹೋಬಳಿ ಕೇಂದ್ರ, ಹಿಂದೆ ನಿಜಾಮರ ಕೈಕೆಳಗಿನ ಸಂಸ್ಥಾನ. ಅಹವಾಲು ಇದ್ದವರು ಅರಮನೆ ಬಾಗಿಲಿಗೇ ಹೋಗಬೇಕಿತ್ತು. ಅರಮನೆಯವರ ಮೇಲೆಯೇ ದೂರಿದ್ದರೆ ಎಲ್ಲಿಗೆ ಹೋಗುವುದು? ಈ ಪ್ರಶ್ನೆಗೆ ಸ್ವೀಡನ್ 1809ರಲ್ಲೇ ಉತ್ತರ ಹುಡುಕಿತ್ತು: ದೊರೆಯ ಅಧಿಕಾರಿಗಳ ಮೇಲೆ ಕಣ್ಣಿಡಲು ಸಂಸತ್ತೇ ನೇಮಿಸುವ ಓಂಬುಡ್ಸ್‌ಮನ್. ಭಾರತದಲ್ಲಿ 1966ರಲ್ಲಿ ಮೊರಾರ್ಜಿ ದೇಸಾಯಿ ನೇತೃತ್ವದ ಆಡಳಿತ ಸುಧಾರಣಾ ಆಯೋಗ ಇಂಥದೇ ವ್ಯವಸ್ಥೆಗೆ ಶಿಫಾರಸು ಮಾಡಿತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ತಂದ 1984ರ ಲೋಕಾಯುಕ್ತ ಕಾಯ್ದೆ 1986ರ ಜನವರಿಯಲ್ಲಿ ಜಾರಿಯಾಯಿತು. ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರು. ರಾಯಚೂರು ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರೂ 2011ರಲ್ಲಿ ಕೆಲವೇ ವಾರ ಆ ಸ್ಥಾನದಲ್ಲಿದ್ದರು.

ಜನ ಮರೆಯದಿರುವುದು ಎನ್. ವೆಂಕಟಾಚಲ ಅವರನ್ನು. 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ಅವರು ಸರ್ಕಾರಿ ಆಸ್ಪತ್ರೆ, ಕಚೇರಿಗಳಿಗೆ ಹೇಳದೆ ಕೇಳದೆ ನುಗ್ಗುತ್ತಿದ್ದರು. ನಿಜಕ್ಕೂ ಕುತೂಹಲದ ಸಂಗತಿ ಇಂಥ ತಪಾಸಣೆಯ ಕ್ರಮ. ಮೊದಲು ಕೇಳುವುದು ಹಾಜರಾತಿ ಪುಸ್ತಕ: ಸಹಿ ಇದೆ, ಮನುಷ್ಯ ಎಲ್ಲಿ? ಹೊರಗೆ ಹೋಗಿದ್ದಾನೆಂದರೆ ಚಲನವಲನ ವಹಿಯಲ್ಲಿ ಬರೆದಿರಬೇಕು. ಆಮೇಲೆ ನಗದು ಘೋಷಣೆ ವಹಿ. ಕೆಲಸಕ್ಕೆ ಬಂದಾಗ ಜೇಬಿನಲ್ಲಿ ಎಷ್ಟಿತ್ತೆಂದು ನೌಕರ ಅಲ್ಲಿ ನಮೂದಿಸಬೇಕು. ಬರೆದದ್ದು 200, ಸಿಕ್ಕದ್ದು ಸಾವಿರಾರು ಅಂದರೆ ಉತ್ತರ ಕೊಡುವುದು ಕಷ್ಟ. ಆಸ್ಪತ್ರೆಯಲ್ಲಿ ಔಷಧಿಯ ಅವಧಿ ಮುಗಿಯುವ ದಿನಾಂಕ, ಹಾಸ್ಟೆಲಿನಲ್ಲಿ ದಾಸ್ತಾನು ಪುಸ್ತಕದ ಅಕ್ಕಿಗೂ ಕೋಣೆಯಲ್ಲಿರುವ ಅಕ್ಕಿಗೂ ತಾಳೆ, ನೀರಿನ ಟ್ಯಾಂಕು, ಶೌಚಾಲಯದ ಬಾಗಿಲು. ಇವು ಸಣ್ಣ ಸಂಗತಿಗಳಲ್ಲ. ಹಾಸ್ಟೆಲಿನ ಹುಡುಗನ ಹಕ್ಕು ಅಂದರೆ ಅವನ ತಟ್ಟೆಗೆ ಬೀಳುವ ಅನ್ನವೇ.

ದೂರು ಕೊಡಲು ವಕೀಲರು ಬೇಕಿಲ್ಲ. ನಿಗದಿತ ನಮೂನೆಯಲ್ಲಿ ದೂರು ಬರೆದು, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿದರಾಯಿತು. ಮಂತ್ರಿ, ಶಾಸಕರು, ಹಿರಿಯ ಅಧಿಕಾರಿಗಳ ಮೇಲಿನ ದೂರು ಲೋಕಾಯುಕ್ತರಿಗೆ, ಉಳಿದ ನೌಕರರದ್ದು ಉಪಲೋಕಾಯುಕ್ತರಿಗೆ. ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಸುಳ್ಳು ದೂರಿಗೆ ಶಿಕ್ಷೆಯೂ ಉಂಟು.

ಕೊರತೆ ಇರುವುದು ಮುಂದಿನ ಹಂತದಲ್ಲಿ. ಲೋಕಾಯುಕ್ತರು ಶಿಫಾರಸು ಮಾಡಬಹುದು, ಶಿಕ್ಷೆ ವಿಧಿಸಲಾರರು. ಆಪಾದನೆ ರುಜುವಾತಾದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳಲ್ಲಿ ಕ್ರಮ ತಿಳಿಸಬೇಕು; ಅದು ತೃಪ್ತಿಕರವಾಗದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಕಳಿಸಬಹುದು, ಅದು ವಿಧಾನಮಂಡಲದ ಮುಂದೆ ಬರುತ್ತದೆ. ಅಂದರೆ ತಪ್ಪು ಮಾಡಿದವನ ಮನೆಯ ಯಜಮಾನನೇ ಕೊನೆಗೆ ತೀರ್ಪುಗಾರ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿಸಿ ಲೋಕಾಯುಕ್ತದ ಪೊಲೀಸ್ ಬಲವನ್ನೇ ಸರ್ಕಾರ ಕಿತ್ತುಕೊಂಡಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿತು. ಹಲ್ಲು ಕೊಟ್ಟ ಸರ್ಕಾರವೇ ಅದನ್ನು ಕೀಳಲೂಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ನಾಡಕಚೇರಿಯಲ್ಲಾಗಲಿ ಪಂಚಾಯತಿಯಲ್ಲಾಗಲಿ ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ ಪಡೆಯಿರಿ, ಜೋಪಾನವಾಗಿಡಿ. ಲಂಚ, ಅಧಿಕಾರ ದುರುಪಯೋಗದ ಆಪಾದನೆಗೆ ಐದು ವರ್ಷದ ಗಡುವಿದೆ. ಅರ್ಜಿ ಕೊಳೆಹಾಕಿದಂಥ ಕುಂದುಕೊರತೆಗಾದರೆ, ಅನ್ಯಾಯ ನಿಮ್ಮ ಗಮನಕ್ಕೆ ಬಂದ ದಿನದಿಂದ ಆರು ತಿಂಗಳೊಳಗೆ ದೂರು ಕೊಡಬೇಕು.